ಹುಟ್ಟು ತೊಡೆಯ ಮೇಲಿಟ್ಟಾಗ ಕೇಳಬಾರದು

ನಾನು ಮಂಜರಿ ಗಂಡ ಸುಜಯೀಂದ್ರ ಅಗರಖೇಡ, ವಯಸ್ಸು 51 ವರ್ಷ, ಉದ್ಯೋಗ ಪ್ರೌಢಶಾಲೆಯಲ್ಲಿ ಗಣಿತ ಶಿಕ್ಷಕಿ, ವಾಸ ಬಸವನ ಬಾಗೇವಾಡಿ. ಇಂದು ದಿನಾಂಕ 12-01-2025, ರವಿವಾರ, ಮಧ್ಯಾಹ್ನ 12-40 ಗಂಟೆಗೆ ಮುದ್ದೇಬಿಹಾಳದ ಸರಕಾರಿ ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತು, ಮಹಿಳಾ ಹೆಡ್ ಕಾನ್‌ಸ್ಟೆಬಲ್ ಬಾನುಬಿಯವರಿಗೆ ಹೇಳಿ ಬರೆಯಿಸುತ್ತಿರುವುದು ಏನೆಂದರೆ,

ಮೊದಲ ಸಾಲು ಬರೆಯುವಾಗ ಬಾನುಬಿಯವರು "ಗಂಡ" ಎಂಬ ಶಬ್ದದ ನಂತರ ಪೆನ್ನು ತಡೆದು ನನ್ನ ಮುಖ ನೋಡಿದರು. ನನ್ನ ಪತಿಯ ಹೆಸರಿನ ಹಿಂದೆ ಬೇರೆ ಏನನ್ನೂ ಸೇರಿಸಬಾರದು, ನಿನ್ನೆ ಇದ್ದಂತೆಯೇ ಬರೆಯಬೇಕು ಎಂದು ಹೇಳಿದೆ. ಅವರು ಹಾಗೆಯೇ ಬರೆದಿದ್ದಾರೆ.

ನನ್ನ ಪತಿ ಸುಜಯೀಂದ್ರ, ವಯಸ್ಸು 55, ಬಸವನ ಬಾಗೇವಾಡಿಯಲ್ಲಿ ಔಷಧ ಅಂಗಡಿ ನಡೆಸುತ್ತಿದ್ದರು. ಇಂದು ಬೆಳಿಗ್ಗೆ ಕೃಷ್ಣಾ ನದಿಯ ಹಿನ್ನೀರಿನಲ್ಲಿ, ನಮ್ಮ ದೋಣಿಯ ಮುಂದಿನ ಸೀಟಿನಲ್ಲಿ ಕುಳಿತಲ್ಲಿಯೇ ತೀರಿಕೊಂಡಿದ್ದಾರೆ. ಅವರು ನೀರಿನಲ್ಲಿ ಮುಳುಗಿಲ್ಲ. ದೋಣಿ ಮಗುಚಿಲ್ಲ. ಯಾರ ಮೇಲೂ ನನಗೆ ಸಂಶಯವಿಲ್ಲ. ನನಗೆ ತಿಳಿಯಬೇಕಾದದ್ದು ಒಂದೇ. ಬೆಳಿಗ್ಗೆ 8-30ರ ಸುಮಾರಿಗೆ ಅವರು ಬಲಗೈ ಎತ್ತಿ ನನ್ನ ಕಡೆಗೆ ಆಡಿಸಿದರು. ಅದು ನನ್ನನ್ನು ಕರೆದದ್ದೋ ಅಲ್ಲವೋ ತಿಳಿಯಬೇಕು. ಆಗ ಅವರ ಮುಖ ಕಂಡವನು ಬಲೆ ಹಾಕುತ್ತಿದ್ದ ಒಬ್ಬ ಮೀನುಗಾರ ಮಾತ್ರ. ಅವನ ಹೆಸರು ನನಗೆ ಗೊತ್ತಿಲ್ಲ. ಅವನನ್ನು ಹುಡುಕಿ ಕೇಳಬೇಕೆಂದು ಪೊಲೀಸರಲ್ಲಿ ವಿನಂತಿ.

ದೋಣಿಯ ಬಗ್ಗೆ ಬಾನುಬಿಯವರು ಕೇಳಿದ್ದರಿಂದ ತಿಳಿಸುತ್ತೇನೆ. ಅದು ಮಡಿಚುವ ಕಯಾಕ್. ನಾಲ್ಕು ವರ್ಷಗಳ ಹಿಂದೆ ಪುಣೆಯ ಒಬ್ಬರಿಂದ ನನ್ನ ಪತಿ ಮರಾಠಿಯಲ್ಲಿ ಗಂಟೆಗಟ್ಟಲೆ ಫೋನಿನಲ್ಲಿ ಮಾತಾಡಿ ತಂದರು. ಅಲ್ಯೂಮಿನಿಯಂ ಕೋಲುಗಳು, ಪಕ್ಕೆಲುಬಿನಂಥ ಅಡ್ಡಪಟ್ಟಿಗಳು, ಮೇಲೆ ಹೊದಿಸುವ ರಬ್ಬರು ಬಟ್ಟೆ, ಎಲ್ಲ ಸೇರಿ ಎರಡು ಚೀಲ. ಜೋಡಿಸಿದರೆ 5 ಮೀಟರಿಗೂ ಉದ್ದ, ಇಬ್ಬರು ಒಬ್ಬರ ಹಿಂದೊಬ್ಬರು ಕೂರಬಹುದು. ನಮ್ಮ ಓಣಿಯಲ್ಲಿ ಮಡಿಚುವುದಕ್ಕೆ ಘಡಿ ಎನ್ನುತ್ತಾರೆ, ಆದ್ದರಿಂದ ಅದಕ್ಕೆ ಘಡಿ ದೋಣಿ ಎಂದೇ ಹೆಸರು. ನಮಗೆ ಮಕ್ಕಳಿಲ್ಲ, ಆದ್ದರಿಂದ ಈ ವಯಸ್ಸಿನಲ್ಲಿ ಇಂಥ ಆಟಿಕೆ ತಂದರು ಎಂದು ಜನ ಆಡಿಕೊಂಡದ್ದು ನನಗೆ ಗೊತ್ತು. ಅದು ಸುಳ್ಳು. ನನ್ನ ಪತಿ ಇಂಡಿ ತಾಲೂಕಿನ ಅಗರಖೇಡದವರು, ಭೀಮಾ ನದಿಯಲ್ಲಿ ಈಜಿ ಬೆಳೆದವರು. ಅವರಿಗೆ ನೀರು ಬೇಕಾಗಿತ್ತು. ನನಗೆ ಅವರು ಬೇಕಾಗಿದ್ದರು, ಅದಕ್ಕೆ ನಾನೂ ಹತ್ತಿದೆ.

ದೋಣಿ ಬಸ್ಸಿನಲ್ಲಿ ಹೇಗೆ ಬಂತು ಎಂದು ಬಾನುಬಿಯವರು ಎರಡು ಸಲ ಕೇಳಿದರು. ಮೊದಲ ಸಲ ಆಲಮೇಲದ ಹತ್ತಿರ ಭೀಮಾ ನದಿಗೆ ಹೋದಾಗ ಸಿಂದಗಿಯ ಕಂಡಕ್ಟರನೂ ಇದನ್ನೇ ಕೇಳಿದ್ದ. ಒಳಗೆ ದೋಣಿ ಇದೆ ಎಂದು ನನ್ನ ಪತಿ ಹೇಳಿದ್ದಕ್ಕೆ, "ಸಾಹೇಬ್ರ, ಮುಂಜಾನಿ ಮುಂಜಾನಿ ನನ್ನ ಕೂಡ ಚಾಷ್ಟಿ ಮಾಡಬ್ಯಾಡ್ರಿ, ಟೆಂಟ್ ಐತಂತ ಖರೆ ಹೇಳ್ರಿ" ಎಂದು ಟೆಂಟಿನ ಲಗೇಜು ಚೀಟಿ ಹರಿದುಕೊಟ್ಟ. ಅಂದಿನಿಂದ ನನ್ನ ಪತಿ ಎಲ್ಲ ಬಸ್ಸಿನಲ್ಲೂ ಟೆಂಟ್ ಎಂದೇ ಹೇಳುತ್ತಿದ್ದರು.

ಈ ದೋಣಿಯಲ್ಲಿ ಮುಂದೆ ಕುಳಿತವರು ಹುಟ್ಟಿನ ಲಯ ಹಿಡಿಯಬೇಕು. ಹಿಂದೆ ಕುಳಿತವರು ಅದೇ ಲಯದಲ್ಲಿ ಹುಟ್ಟು ಹಾಕುತ್ತ, ಕಾಲಿನ ಎರಡು ಪೆಡಲುಗಳಿಂದ ಚುಕ್ಕಾಣಿ ತಿರುಗಿಸಬೇಕು. ನನ್ನ ಪತಿಗೆ ದಿಕ್ಕಿನ ಗೊಡವೆ ಇರಲಿಲ್ಲ, ನನಗೆ ಅದರ ಹೊರತು ಬೇರೆ ಇರಲಿಲ್ಲ. ಆದ್ದರಿಂದ ಅವರು ಮುಂದೆ, ನಾನು ಹಿಂದೆ. ಮೊದಲ ವರ್ಷ ನಾವು ನೀರಿನಲ್ಲಿ ಬಹಳ ಜಗಳವಾಡಿದೆವು. ಅವರು ನಡುನಡುವೆ ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟು ಸುಮ್ಮನೆ ಕುಳಿತುಬಿಡುತ್ತಿದ್ದರು. ಯಾಕೆ ನಿಲ್ಲಿಸಿದಿರಿ ಎಂದು ನಾನು ಕೇಳುತ್ತಿದ್ದೆ. ಅವರು ಹಿಂದಕ್ಕೆ ಕೈ ಮಾಡಿ ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು ಎಂದು ನನಗೆ ಪಾಠ ಹೇಳುತ್ತಿದ್ದರು. ಒಂದು ಸಲ ಆಲಮಟ್ಟಿ ಹಿನ್ನೀರಿನಲ್ಲಿ ಈ ಜಗಳದಿಂದ ದೋಣಿ ಗಾಣದ ಎತ್ತಿನಂತೆ ಸುತ್ತಿತು. ದಂಡೆಯ ಮೇಲಿನ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ದಿನ ನನ್ನ ಪತಿ, "ಮನ್ಯಾಗ ಇಪ್ಪತ್ನಾಕು ತಾಸೂ ಯಾಕ, ಯಾಕ ಅಂತಿ. ನೀರಾಗರೆ ನನ್ನ ಬಿಟ್ಟುಬಿಡು ಮಾರಾಯ್ತಿ" ಎಂದರು. ಅಲ್ಲಿಯೇ ಒಪ್ಪಂದವಾಯಿತು. ಹುಟ್ಟು ತೊಡೆಯ ಮೇಲಿಟ್ಟಾಗ ಯಾಕೆ ಎಂದು ನಾನು ಕೇಳಬಾರದು. ಹಿಂದಕ್ಕೆ ಕೈ ಮಾಡಿ ದಾರಿ ಹೇಳುವುದನ್ನು ಅವರು ಬಿಡಬೇಕು. ಮೂರು ವರ್ಷ ಇಬ್ಬರೂ ಇದನ್ನು ಪಾಲಿಸಿದ್ದೇವೆ. ಆಮೇಲೆ ನೀರಿನಲ್ಲಿ ನಾವು ಜಗಳವಾಡಲಿಲ್ಲ.

ದಿನಾಂಕ 10-01-2025ರ ಶುಕ್ರವಾರ ವೈಕುಂಠ ಏಕಾದಶಿ. ನನ್ನ ಪತಿ, ನಾನು, ಅತ್ತೆ ತುಳಸೀಬಾಯಿ ಮೂವರೂ ನಿರಾಹಾರ ಇದ್ದೆವು. ಶನಿವಾರ ದ್ವಾದಶಿ, ಬೆಳಿಗ್ಗೆ 6-50ಕ್ಕೆ ಪಾರಣೆ ಮಾಡಿದೆವು. ಊಟವಾದ ಮೇಲೆ ನನ್ನ ಪತಿ ಎದೆ ಉರಿಯುತ್ತದೆ ಎಂದರು. ಇದು ಹೊಸದಲ್ಲ. ಪ್ರತಿ ದ್ವಾದಶಿಗೆ ಅವರಿಗೆ ಪಿತ್ತವಾಗುತ್ತಿತ್ತು, ಅವರ ತಂದೆಗೂ ಆಗುತ್ತಿತ್ತಂತೆ, ನಮ್ಮ ಮನೆಯಲ್ಲಿ ಅದಕ್ಕೆ ಏಕಾದಶಿ ಪಿತ್ತ ಎಂದೇ ಹೇಳುತ್ತೇವೆ. ಪ್ರವಾಸ ಮುಂದೆ ಹಾಕೋಣ ಎಂದು ನಾನು ಒಂದು ಸಲ ಹೇಳಿದೆ. "ಊರ ಮಂದಿಗೆಲ್ಲಾ ಗುಳಗಿ ಕೊಡಾಂವ ನಾನು, ನನಗ ಗೊತ್ತಿಲ್ಲೇನು? ಏಕಾದಶಿ ಪಿತ್ತ ಅದ, ನಡಿ ನಡಿ" ಎಂದು ಪಿತ್ತದ ಗುಳಿಗೆಯ ಪಟ್ಟಿಯನ್ನು ಅಂಗಿಯ ಕಿಸೆಗೆ ಹಾಕಿಕೊಂಡರು. ಎರಡನೆಯ ಸಲ ನಾನು ಹೇಳಲಿಲ್ಲ.

ಮುದ್ದೇಬಿಹಾಳ ಮಾರ್ಗವಾಗಿ ನಾಲತವಾಡಕ್ಕೆ ಬಸ್ಸಿನಲ್ಲಿ ಬಂದು, ಅಲ್ಲಿಂದ ಆಟೋದಲ್ಲಿ ಮಧ್ಯಾಹ್ನ 1-15ಕ್ಕೆ ನದಿಯ ದಂಡೆ ಮುಟ್ಟಿದೆವು. ತಂಗಡಗಿಯವರೆಗೆ ನೀರಿನಲ್ಲಿ ಸುಮಾರು 19 ಕಿ.ಮೀ. ಈ ತಿಂಗಳಲ್ಲಿ ಮೂಡಗಾಳಿ ಬೀಸುತ್ತದೆ, ಪಡುವಣಕ್ಕೆ ಹೋದರೆ ಗಾಳಿ ಬೆನ್ನಿಗೆ ಇರುತ್ತದೆ, ಅದಕ್ಕೆ ಆ ದಿಕ್ಕು ಆರಿಸಿದ್ದು ನಾನು. ಒಂದು ರಾತ್ರಿ ನಡುಗಡ್ಡೆಯ ಮೇಲೆ ಉಳಿದು, ಮರುದಿನ ತಂಗಡಗಿಯಲ್ಲಿ ದೋಣಿ ಮಡಿಚಿ ಬಸ್ಸು ಹಿಡಿಯುವುದೆಂದು ನಿಶ್ಚಯವಾಗಿತ್ತು.

ದೋಣಿಯ ಮುಂದಿನ ಅರ್ಧ ಅವರು ಜೋಡಿಸುತ್ತಿದ್ದರು, ಹಿಂದಿನ ಅರ್ಧ ನಾನು. ನಡುವಿನ ಕೀಲನ್ನು ಇಬ್ಬರೂ ಎದುರುಬದುರು ನಿಂತು ಒಂದೇ ಸಲ ಒತ್ತಬೇಕು, ಆಗ ಮಾತ್ರ ಟಕ್ ಎಂದು ಕೂರುತ್ತದೆ. ಯಾವಾಗಲೂ ಮೊದಲ ಸಲಕ್ಕೇ ಕೂರುತ್ತಿತ್ತು. ಶನಿವಾರ ಮೂರು ಸಲ ಒತ್ತಬೇಕಾಯಿತು. ನಿಮ್ಮ ಕೈಯಲ್ಲಿ ಜೀವವೇ ಇಲ್ಲವಲ್ಲ ಎಂದು ನಾನು ತಮಾಷೆ ಮಾಡಿದೆ. ಈ ಮಾತನ್ನು ನಾನು ಆಡಿದ್ದು ನಿಜ.

ದೋಣಿಯ ಎರಡೂ ಬದಿಗೆ ಉದ್ದನೆಯ ಗಾಳಿಚೀಲಗಳಿವೆ, ಅವನ್ನು ಬಾಯಿಯಿಂದ ಊದಬೇಕು. ಎರಡನ್ನೂ ಅವರೇ ಊದುವುದು ರೂಢಿ. ಆ ದಿನ ಬಲಗಡೆಯದನ್ನು ಊದಿ ಮುಗಿಸಿ, ಮರಳಿನ ಮೇಲೆ ಕುಳಿತು, "ಎಡಗಡಿದು ನೀ ಊದು, ಉಸುರು ಸಾಲವಲ್ತು. ನಿನ್ನೆ ಉಪಾಸ ಜಾಸ್ತಿನ ಆತು" ಎಂದರು. ನಾನು ಊದಿದೆ. 2-20ಕ್ಕೆ ನೀರಿಗಿಳಿದೆವು.

ಸಂಜೆ 5-30ಕ್ಕೆ 7 ಕಿ.ಮೀ. ದಾಟಿ ನಡುಗಡ್ಡೆಗೆ ಬಂದು ಗುಡಾರ ಹಾಕಿದೆವು. ರೊಟ್ಟಿ, ಶೇಂಗಾ ಚಟ್ನಿ, ಮೊಸರು ತಂದಿದ್ದೆ. ಅವರು ಮೊಸರು ಮಾತ್ರ ತಿಂದರು. ಎಡ ಭುಜ ಸೆಳೆಯುತ್ತದೆ ಎಂದರು. ಎರಡು ತಿಂಗಳ ಮೇಲೆ ಹುಟ್ಟು ಹಿಡಿದದ್ದರಿಂದ ನನ್ನ ಎರಡೂ ಭುಜಗಳು ನೋಯುತ್ತಿದ್ದವು, ಆದ್ದರಿಂದ ಅವರದೂ ಅದೇ ಎಂದು ತಿಳಿದೆ. ಎದೆಯ ಉರಿಯನ್ನು ಏಕಾದಶಿಯ ಲೆಕ್ಕಕ್ಕೆ ಹಾಕಿದೆವು, ಭುಜದ ನೋವನ್ನು ಹುಟ್ಟಿನ ಲೆಕ್ಕಕ್ಕೆ. ಎರಡನ್ನೂ ಕೂಡಿಸಿ ನೋಡಲಿಲ್ಲ. ನಾನು ಇಪ್ಪತ್ತಾರು ವರ್ಷಗಳಿಂದ ಮಕ್ಕಳಿಗೆ ಗಣಿತ ಹೇಳುತ್ತಿದ್ದೇನೆ.

ಇಂದು ಬೆಳಿಗ್ಗೆ 7-20ಕ್ಕೆ ನಡುಗಡ್ಡೆಯಿಂದ ಹೊರಟೆವು. ಹೊರಡುವ ಮುಂಚೆ ನನ್ನ ಪತಿ ಒಂದು ಗುಳಿಗೆ ತೆಗೆದುಕೊಂಡರು. ಪಿತ್ತ ಹೇಗಿದೆ ಎಂದು ಕೇಳಿದ್ದಕ್ಕೆ ಕಮ್ಮಿ ಎಂದರು. ಅವರು ನೀಲಿ ಟೋಪಿ, ಬೂದು ಬಣ್ಣದ ಉಣ್ಣೆಯ ಸ್ವೆಟರು, ಮೇಲೆ ತೇಲುವ ಜಾಕೀಟು ಹಾಕಿಕೊಂಡಿದ್ದರು. ಸ್ವೆಟರಿನ ಕುತ್ತಿಗೆಯ ಹಿಂದೆ ಒಂದು ಎಳೆ ಬಿಚ್ಚಿತ್ತು. ಮನೆಗೆ ಹೋದ ಮೇಲೆ ಹೊಲಿಯಬೇಕೆಂದು ದಾರಿಯುದ್ದಕ್ಕೂ ಅಂದುಕೊಳ್ಳುತ್ತಿದ್ದೆ, ಆದ್ದರಿಂದ ನೆನಪಿದೆ.

8-30ರ ಸುಮಾರಿಗೆ ನೀರಿನ ಮೇಲೆ ಬಲೆಗೆ ಕಟ್ಟಿದ ಖಾಲಿ ಬಾಟಲಿಗಳು ಕಂಡವು. ಅವು ಚುಕ್ಕಾಣಿಗೆ ಸಿಕ್ಕಿಕೊಳ್ಳದಂತೆ ನಾನು ಅವುಗಳನ್ನೇ ನೋಡುತ್ತಿದ್ದೆ. ಬಲಗಡೆ ಮುಂದೆ, ಸುಮಾರು 30 ಅಡಿ ದೂರ, ಹರಿಗೋಲಿನಲ್ಲಿ ಒಬ್ಬ ಮೀನುಗಾರನಿದ್ದ. ಆಗ ನನ್ನ ಪತಿ ಬಲಗೈಯನ್ನು ಭುಜದ ತನಕ ಎತ್ತಿ ನನ್ನ ಕಡೆಗೆ ಎರಡು ಸಲ ಆಡಿಸಿದರು. ಒಪ್ಪಂದ ಮುರಿದು ದಾರಿ ಹೇಳುತ್ತಿದ್ದಾರೆ ಎಂದು ತಿಳಿದು ನನಗೆ ಸಿಟ್ಟು ಬಂತು. "ಮುಂದ ನೋಡ್ರಿ ನೀವು! ಹಿಂದಿಂದು ನನಗ ಬಿಡ್ರಿ" ಎಂದು ಜೋರಾಗಿ ಗದರಿದೆ. ಅವರು ಏನಾದರೂ ಅಂದಿದ್ದರೆ ಗಾಳಿಗೆ ನನಗೆ ಕೇಳಿಸಿಲ್ಲ. ಗಾಳಿ ನನ್ನ ಬೆನ್ನ ಕಡೆಯಿಂದ ಮುಂದಕ್ಕೆ ಬೀಸುತ್ತಿತ್ತು. ಆದ್ದರಿಂದ ನನ್ನ ಮಾತು ಅವರಿಗೆ ಕೇಳಿಸಿದೆ.

8-40ಕ್ಕೆ ಅವರು ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟರು. ತಲೆ ಸ್ವಲ್ಪ ಬಾಗಿಸಿದರು. ನಾನು ಯಾಕೆಂದು ಕೇಳಲಿಲ್ಲ.

ಅಲ್ಲಿಂದ ಮುಂದೆ ನಾನೊಬ್ಬಳೇ ಹುಟ್ಟು ಹಾಕಿದೆ. ನನ್ನ ಸೀಟಿನಿಂದ ಅವರ ಬೆನ್ನು, ಟೋಪಿ, ಬಿಚ್ಚಿದ ಎಳೆ, ಇಷ್ಟೇ ಕಾಣುತ್ತಿತ್ತು. ಗದರಿದ್ದಕ್ಕೆ ಮುನಿಸಿಕೊಂಡಿದ್ದಾರೆ ಎಂದು ತಿಳಿದೆ. ಎಡಗಡೆ ಪಟ್ಟೆತಲೆಯ ಬಾತುಗಳ ದೊಡ್ಡ ಹಿಂಡು ಇಳಿದಿತ್ತು. ನೋಡ್ರಿ ಎಂದೆ, ಅವರು ತಿರುಗಲಿಲ್ಲ. ಮಂಗಳವಾರ ಸಂಕ್ರಮಣ, ಕುಸುರೆಳ್ಳು ಇನ್ನೂ ತಂದಿಲ್ಲ ಎಂದೆ. ಅತ್ತೆಯವರ ಕಣ್ಣು ತೋರಿಸುವ ವಿಷಯ ಹೇಳಿದೆ. ಕೊನೆಗೆ, "ಆತು ಬಿಡ್ರಿ, ಒದರಿದ್ದು ನಂದ ತಪ್ಪಾತು" ಎಂದೆ. ನಮ್ಮ ಮದುವೆಯಾಗಿ ಇಪ್ಪತ್ತೇಳು ವರ್ಷ, ನಾನು ಹಾಗೆ ಹೇಳಿದ್ದು ಅದೇ ಮೊದಲು. ಅದಕ್ಕೂ ಅವರು ತಿರುಗದಿದ್ದಾಗ ನನಗೆ ಮತ್ತೆ ಸಿಟ್ಟು ಬಂತು. ದೋಣಿ ಮಾತ್ರ ಇಂದಿನಷ್ಟು ನೆಟ್ಟಗೆ ಎಂದೂ ಹೋಗಿರಲಿಲ್ಲ.

9-20ಕ್ಕೆ ಅವರ ಹುಟ್ಟು ತೊಡೆಯಿಂದ ಜಾರಿ ನೀರಿಗೆ ಬಿತ್ತು. ಹುಟ್ಟು ಕಳೆಯಬಾರದೆಂದು ಅವರೇ ಅಂಗಡಿಯ ಸಲೈನ್ ನಳಿಕೆಯಿಂದ ಅದನ್ನು ದೋಣಿಗೆ ಕಟ್ಟಿದ್ದರು. ಅದು ನೀರಿನಲ್ಲಿ ಎಳೆಯತೊಡಗಿ ದೋಣಿ ಎಡಕ್ಕೆ ತಿರುಗಿತು. ಹುಟ್ಟು ಬಿತ್ತು ಎಂದೆ. ಅವರು ಕೈ ಚಾಚಲಿಲ್ಲ. ಆಗ ನಾನು ಯಾಕ್ರೀ ಎಂದು ಕೇಳಿದೆ. ಮೂರು ವರ್ಷಗಳಲ್ಲಿ ನೀರಿನ ಮೇಲೆ ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. ಮೂರು ಸಲ ಕೇಳಿದೆ.

ಆ ದೋಣಿಯಲ್ಲಿ ಎದ್ದು ಮುಂದೆ ಹೋಗಲು ಬರುವುದಿಲ್ಲ, ಮಗುಚುತ್ತದೆ. ಅವರು ನನ್ನಿಂದ ಒಂದೂವರೆ ಮೀಟರು ದೂರ. ನನ್ನ ಕೈ ಮುಟ್ಟಲಿಲ್ಲ. ನನ್ನ ಹುಟ್ಟಿನ ತುದಿಯಿಂದ ಅವರ ಬೆನ್ನನ್ನು ಮುಟ್ಟಿದೆ. ಅವರನ್ನು ಕೋಲಿನಿಂದ ಮುಟ್ಟಬೇಕಾಗಿ ಬಂದದ್ದು ನನಗೆ ಸಹಿಸಲಾಗುತ್ತಿಲ್ಲ. ತಲೆ ಇನ್ನೂ ಸ್ವಲ್ಪ ಬಾಗಿತು. ಅವರ ಮುಖ ನೋಡಬೇಕಾದರೆ ಮೊದಲು ದಂಡೆ ಮುಟ್ಟಬೇಕಾಗಿತ್ತು. ದಂಡೆ ಸುಮಾರು 600 ಮೀಟರು ದೂರ ಇತ್ತು. ನಾನು ಹುಟ್ಟು ಹಾಕಿದೆ. ಆಗ ಏನೆಂದು ಕೂಗಿದೆನೋ ಗೊತ್ತಿಲ್ಲ, ಅವರ ಹೆಸರು ಹಿಡಿದು ಕೂಗಿದ್ದು ಮಾತ್ರ ನೆನಪಿದೆ. ಮದುವೆಯಾದ ಮೇಲೆ ಅವರ ಹೆಸರು ಹಿಡಿದು ಕರೆದಿರಲಿಲ್ಲ.

9-35ಕ್ಕೆ ಜೋಳದ ಹೊಲದ ಕೆಳಗಿನ ದಂಡೆಗೆ ಬಂದೆ. ನೀರಿಗೆ ಇಳಿದು ಮುಂದೆ ಹೋಗಿ ಅವರ ಮುಖ ನೋಡಿದೆ. ಕಣ್ಣು ಅರ್ಧ ತೆರೆದಿದ್ದವು. ಕೈ ತಣ್ಣಗಿತ್ತು. ಹೊಲದಲ್ಲಿದ್ದ ಗಂಡ ಹೆಂಡತಿ ಓಡಿಬಂದು ಅವರನ್ನು ಮೇಲಕ್ಕೆ ಎತ್ತಿದರು, 108ಕ್ಕೆ ಫೋನು ಮಾಡಿದರು. ಆ ಹೆಣ್ಣುಮಗಳು ತನ್ನ ಸೆರಗಿನಿಂದ ಅವರ ಪಾದ ಒರೆಸಿದಳು. 10-25ಕ್ಕೆ ಗಾಡಿ ಬಂತು. 11-10ಕ್ಕೆ ಈ ಆಸ್ಪತ್ರೆ ತಲುಪಿದೆವು. ಪರೀಕ್ಷಿಸಿದ ವೈದ್ಯರು ಹೃದಯಾಘಾತ ಇರಬೇಕು, ಜೀವ ಹೋಗಿ ಎರಡು ತಾಸಿನ ಮೇಲಾಗಿದೆ, ನಿಖರವಾಗಿ ಹೇಳಲಾಗದು ಎಂದರು. ಹಾಗಾದರೆ ನಾನು ಬಾತು ತೋರಿಸಿದ್ದು, ಕುಸುರೆಳ್ಳಿನ ಮಾತಾಡಿದ್ದು, ತಪ್ಪಾಯಿತು ಎಂದದ್ದು ಯಾವುದು ಅವರಿಗೆ ಕೇಳಿಸಿತು, ಯಾವುದು ಕೇಳಿಸಲಿಲ್ಲ ಎಂದು ಕೇಳಿದೆ. ವೈದ್ಯರು ನನಗೆ ನೀರು ತರಿಸಿಕೊಟ್ಟರು.

ಬಾನುಬಿಯವರು ಮರಣದ ವೇಳೆ ಎಂದು ಏನು ಬರೆಯಲಿ ಎಂದು ಕೇಳಿದ್ದಾರೆ. ಈ ಹೇಳಿಕೆಯಲ್ಲಿ ನಾನು ಎಲ್ಲ ವೇಳೆಗಳನ್ನೂ ಹೇಳಿದ್ದೇನೆ. ಆ ವೇಳೆ ಒಂದು ನನಗೆ ಗೊತ್ತಿಲ್ಲ.

ಇಷ್ಟು ಬರೆಯಿಸುವಾಗ 1-30 ಆಗಿತ್ತು. ಆಗ ಹೊಲದವರು ನಮ್ಮ ದೋಣಿಯನ್ನು ಟೆಂಪೋದಲ್ಲಿ ಹೇರಿಕೊಂಡು ಆಸ್ಪತ್ರೆಗೆ ತಂದರು. ಬಿಚ್ಚುವ ಬಗೆ ಅವರಿಗೆ ತಿಳಿದಿರಲಿಲ್ಲ, ಹಾಗೆಯೇ ಹಗ್ಗ ಬಿಗಿದು ತಂದಿದ್ದರು. ಟೆಂಪೋದಲ್ಲಿ ಹಿಡಿಯಲೆಂದು ಎರಡೂ ಬದಿಯ ಚೀಲಗಳ ಬಿರಡೆ ತೆಗೆದು ಗಾಳಿ ಬಿಟ್ಟಿದ್ದರು. ಬಲಗಡೆಯ ಚೀಲದಲ್ಲಿ ಇದ್ದದ್ದು ನನ್ನ ಪತಿ ಶನಿವಾರ ಊದಿದ ಉಸಿರು. ಹೊಲದವರು ಒಳ್ಳೆಯ ಮನಸ್ಸಿನಿಂದ ಮಾಡಿದ್ದಾರೆ. ಈ ಬಗ್ಗೆ ನನ್ನ ತಕರಾರು ಏನೂ ಇಲ್ಲ.

ಅದೇ ಟೆಂಪೋದಲ್ಲಿ ನನ್ನ ಪತಿಯ ಹುಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಒಬ್ಬ ವ್ಯಕ್ತಿ ಬಂದರು. ಬೆಳಿಗ್ಗೆ ಹರಿಗೋಲಿನಲ್ಲಿ ಇದ್ದವರು ಇವರೇ ಎಂದು ಗುರುತಿಸಿದೆ. ಹೆಸರು ಮಾಳಿಂಗಪ್ಪ ಎಂದು ತಿಳಿಸಿದರು. ದಂಡೆಯಲ್ಲಿ ಜನ ಸೇರಿದ್ದನ್ನು ಕಂಡು ಬಂದು, ಸುದ್ದಿ ತಿಳಿದು ಜೊತೆಗೆ ಬಂದಿದ್ದಾಗಿ ಹೇಳಿದರು. ನನ್ನ ಪತಿ ಕೈ ಎತ್ತಿದ್ದು ಯಾಕೆ, ನನ್ನನ್ನು ಕರೆದರೇ, ಮುಖದಲ್ಲಿ ನೋವು ಇತ್ತೇ ಎಂದು ನಾನೇ ಕೇಳಿದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆಯಬೇಕೆಂದು ಬಾನುಬಿಯವರನ್ನು ಕೇಳಿಕೊಂಡೆ.

"ನೋವು ಏನಿಲ್ರಿ ಅಕ್ಕಾರ. ಎಲ್ಲಿಗಿ ಹೊಂಟೀರಿ ಸಾಹೇಬ್ರ ಅಂತ ನಾನ ಕೇಳಿದ್ನಿರಿ. ಅದಕ್ಕ ಹಿಂಗ ಹೆಬ್ಬಟ್ಟ ಹಿಂದಕ ಮಾಡಿ, ಆಕಿನ್ನ ಕೇಳಪಾ, ಎಲ್ಲಾ ಆಕಿ ಕಾಲಾಗ ಅದ, ನಾ ಬರೇ ಮುಂದ ಕುಂತೇನಿ ಅಂದ್ರು. ಅಷ್ಟರಾಗ ನೀವು ಹಿಂದಿಂದ ಬೈದ್ರಿ. ಬೈದಿದ್ದಕ್ಕ ನನ್ನ ನೋಡಿ ಕಣ್ಣ ಮಿಟಕಿಸಿ ನಕ್ಕರ್ರಿ. ನಾನೂ ನಕ್ಕೆ. ನಗಕೋತನ ಮುಂದ ಹೋದ್ರಿ."

ನನ್ನ ಪತಿ ನಕ್ಕದ್ದನ್ನು ಮತ್ತೊಮ್ಮೆ ಹೇಳಿಸಿದೆ. ಮುನಿಸಿಕೊಂಡಿರಲಿಲ್ಲ ತಾನೆ ಎಂದು ಕೇಳಿದೆ. ಇಲ್ಲವೆಂದು ಮಾಳಿಂಗಪ್ಪನವರು ಮೂರು ಸಲ ಹೇಳಿದರು.

ಮಾಳಿಂಗಪ್ಪನವರು ಕೇಳಿದ ಪ್ರಶ್ನೆಯನ್ನು ನನ್ನ ಪತಿ ನನಗೆ ಬಿಟ್ಟಿದ್ದರು. ಬಲೆಯ ಬಾಟಲಿ ನೋಡುತ್ತಿದ್ದ ನನಗೆ ಅದು ಕೇಳಿಸಿರಲಿಲ್ಲ. ಆದ್ದರಿಂದ ಈಗ ಉತ್ತರ ಕೊಟ್ಟೆ. ನಾವು ತಂಗಡಗಿಗೆ ಹೊರಟಿದ್ದೆವು ಎಂದು ಮಾಳಿಂಗಪ್ಪನವರಿಗೆ ಹೇಳಿದೆ.

ದೋಣಿಯನ್ನು ತನಿಖೆ ಮುಗಿಯುವವರೆಗೆ ಠಾಣೆಯಲ್ಲಿ ಇಟ್ಟುಕೊಳ್ಳಬಹುದು. ಒದ್ದೆ ಬಟ್ಟೆಯನ್ನು ಮಡಿಚಬಾರದು, ನೆರಳಿನಲ್ಲಿ ಒಣಗಿಸಬೇಕು. ನಡುವಿನ ಕೀಲು ಒಬ್ಬರಿಂದ ಬಿಚ್ಚುವುದಿಲ್ಲ, ಎದುರುಬದುರು ಇಬ್ಬರು ನಿಲ್ಲಬೇಕು.

ಮೇಲಿನದನ್ನು ಬಾನುಬಿಯವರು ನನಗೆ ಓದಿ ಹೇಳಿದ್ದಾರೆ. ನಾನು ಕಂಡದ್ದು ಕಂಡ ಹಾಗೆ ಇದೆ, ಸತ್ಯವಾಗಿದೆ. ನನಗೆ ಕಂಡದ್ದು ಅವರ ಬೆನ್ನು ಮಾತ್ರ. ಮುಖದ ವಿಷಯ ಮಾಳಿಂಗಪ್ಪನವರು ಹೇಳಿದ್ದು, ಅದನ್ನೂ ನಾನು ಸತ್ಯವೆಂದು ನಂಬಿ ಸಹಿ ಮಾಡಿದ್ದೇನೆ.

ಸ್ಥಳ: ಮುದ್ದೇಬಿಹಾಳ
ದಿನಾಂಕ: 12-01-2025, ಮಧ್ಯಾಹ್ನ 2-15

ಸಹಿ
ಮಂಜರಿ ಗಂಡ ಸುಜಯೀಂದ್ರ ಅಗರಖೇಡ